ಇಳಿಸಿದ ತೂಕ ಮತ್ತೆ ಏಕೆ ಏರುತ್ತದೆ, ಅದನ್ನು ಹಿಡಿದಿಡುವುದು ಹೇಗೆ?

ಪ್ರಶ್ನೆ: ನಾನು ಬೆಟಗೇರಿಯವಳು, ವಯಸ್ಸು 44, ಎತ್ತರ 158 ಸೆಂಟಿಮೀಟರ್. ಹುಬ್ಬಳ್ಳಿಯ ಕಚೇರಿಯೊಂದಕ್ಕೆ ದಿನವೂ ಗದಗದಿಂದ ರೈಲಿನಲ್ಲಿ ಹೋಗಿಬರುತ್ತೇನೆ. ಹಿಂದಿನ ವರ್ಷ ಎಂಟು ತಿಂಗಳಲ್ಲಿ 78 ಕಿಲೋದಿಂದ 65ಕ್ಕೆ ಇಳಿದಿದ್ದೆ. ಅನ್ನವನ್ನು ಪೂರ್ತಿ ಬಿಟ್ಟು, ಮಧ್ಯಾಹ್ನ ಒಂದೇ ರೊಟ್ಟಿ, ರಾತ್ರಿ ಬರೀ ಮಜ್ಜಿಗೆ ಅಂತ ಇಟ್ಟುಕೊಂಡಿದ್ದೆ. ಕುಪ್ಪಸಗಳನ್ನೆಲ್ಲ ಬಿಗಿ ಮಾಡಿಸಿದ್ದೆ. ಒಂದು ವರ್ಷದೊಳಗೆ ಮತ್ತೆ 71 ಆಗಿದೆ. ಮೊನ್ನೆ ಅದೇ ಟೇಲರ್ ಹತ್ತಿರ ಹೊಲಿಗೆ ಬಿಚ್ಚಿಸಲು ಹೋದಾಗ ಬಹಳ ನಾಚಿಕೆಯಾಯಿತು. ಮನೆಯಲ್ಲಿ ಆರು ಜನ. ಅಡುಗೆ ನನ್ನದು ಮತ್ತು ನಮ್ಮ ಅತ್ತೆಯವರದು. ನನಗೆ ಮನೋಬಲ ಕಡಿಮೆಯೇ? ಮತ್ತೆ ರಾತ್ರಿ ಊಟ ಬಿಡಲೇ?

ಉತ್ತರ: ರಾತ್ರಿ ಊಟವನ್ನು ಮತ್ತೆ ಬಿಡಬೇಡಿ. ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತಿದ್ದೇನೆ, ಏಕೆಂದರೆ ಇದನ್ನು ಓದುವ ಹೊತ್ತಿಗೆ ನೀವು ಮಜ್ಜಿಗೆಯ ಮೇಲೆ ಮಲಗುವುದನ್ನು ಆರಂಭಿಸಿಯೇ ಬಿಟ್ಟಿರಬಹುದೆಂಬ ಅಳುಕು ನನಗಿದೆ. ಧಾರವಾಡದಲ್ಲಿ ನನ್ನ ಬಳಿ ಸಲಹೆಗೆ ಬರುವವರಲ್ಲಿ ಮೊದಲ ಸಲ ತೂಕ ಇಳಿಸಲು ಬರುವವರಿಗಿಂತ, ನಿಮ್ಮ ಹಾಗೆ ಒಮ್ಮೆ ಇಳಿಸಿ, ಅದು ಮರಳಿ ಬಂದು, ತಮ್ಮನ್ನೇ ಹಳಿದುಕೊಳ್ಳುತ್ತ ಬರುವವರೇ ಹೆಚ್ಚು. ಅವರೆಲ್ಲರೂ ಮನೋಬಲದ ಮಾತನ್ನೇ ಎತ್ತುತ್ತಾರೆ. ಎಂಟು ತಿಂಗಳು ಒಂದೇ ರೊಟ್ಟಿಯ ಮೇಲೆ ಗದಗ–ಹುಬ್ಬಳ್ಳಿ ಓಡಾಡಿ, ಮನೆಗೆ ಬಂದು ಆರು ಜನರಿಗೆ ಅಡುಗೆ ಮಾಡಿದ ಹೆಣ್ಣುಮಗಳಿಗೆ ಮನೋಬಲ ಕಡಿಮೆ ಎಂದು ನಾನು ಹೇಳಲಾರೆ.

ಇನ್ನೊಂದು ಲೆಕ್ಕವನ್ನೂ ನೀವು ಬಿಟ್ಟಿದ್ದೀರಿ. 78ರಿಂದ ಹೊರಟ ನೀವು ಇಂದು 71ರಲ್ಲಿದ್ದೀರಿ; ಅಂದರೆ ಏಳು ಕಿಲೋ ಇನ್ನೂ ಇಳಿದೇ ಇದೆ, ಮೂಲ ತೂಕದ ಸುಮಾರು ಶೇಕಡಾ 9ರಷ್ಟು. ಅಮೆರಿಕದಲ್ಲಿ ಮಧುಮೇಹಿಗಳ ಮೇಲೆ ವರ್ಷಗಟ್ಟಲೆ ನಡೆದ ಲುಕ್ ಅಹೆಡ್ ಎಂಬ ದೊಡ್ಡ ಅಧ್ಯಯನದಲ್ಲಿ, ತಜ್ಞರ ನಿರಂತರ ನೆರವು ಪಡೆದವರ ಪೈಕಿ ಎಂಟು ವರ್ಷಗಳ ನಂತರ ಶೇಕಡಾ 5 ಅಥವಾ ಅದಕ್ಕಿಂತ ಹೆಚ್ಚು ಇಳಿಕೆಯನ್ನು ಉಳಿಸಿಕೊಂಡಿದ್ದವರು ಸುಮಾರು ಅರ್ಧದಷ್ಟು ಜನ. ರಕ್ತದೊತ್ತಡ, ಸಕ್ಕರೆ, ಮಂಡಿಯ ಮೇಲಿನ ಭಾರ ಇವೆಲ್ಲ ಸುಧಾರಿಸಲು ಶೇಕಡಾ 5ರಿಂದ 10ರ ಇಳಿಕೆಯೇ ಸಾಕಷ್ಟು ದೊಡ್ಡದು. ಆದ್ದರಿಂದ ನೀವು ಸೋತು ಮೊದಲಿನ ಜಾಗಕ್ಕೆ ಬಂದಿದ್ದೀರಿ ಎಂಬುದು ತಪ್ಪು; ಆರು ಕಿಲೋ ಮರಳಿದೆ, ಏಳು ಕಿಲೋ ನಿಮ್ಮ ಕೈಯಲ್ಲಿದೆ. ಈಗಿನ ಕೆಲಸ ಆ ಏಳನ್ನು ಕಾಯುವುದು.

ಆ ಆರು ಕಿಲೋ ಏಕೆ ಮರಳಿತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇದು ತಿಳಿಯದೆ ಮುಂದಿನ ಸಲಹೆಗಳಿಗೆ ಅರ್ಥ ಬರುವುದಿಲ್ಲ. ಕೊಬ್ಬು ಕರಗುವುದನ್ನು ನಮ್ಮ ಶರೀರ ಬರಗಾಲವೆಂದೇ ಎಣಿಸುತ್ತದೆ. ಕೊಬ್ಬಿನ ಕೋಶಗಳಿಂದ ಬರುವ, ಹೊಟ್ಟೆ ತುಂಬಿದೆ ಎಂದು ಮೆದುಳಿಗೆ ತಿಳಿಸುವ ಲೆಪ್ಟಿನ್ ಇಳಿಯುತ್ತದೆ. ಜಠರದಿಂದ ಬರುವ, ಹಸಿವನ್ನು ಎಬ್ಬಿಸುವ ಗ್ರೆಲಿನ್ ಏರುತ್ತದೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 50 ಜನರನ್ನು ಹತ್ತು ವಾರ ಅತಿ ಕಡಿಮೆ ಆಹಾರದ ಮೇಲಿಟ್ಟು ಸರಾಸರಿ 13 ಕಿಲೋಗಿಂತ ತುಸು ಹೆಚ್ಚು, ಹೆಚ್ಚುಕಡಿಮೆ ನಿಮ್ಮಷ್ಟೇ, ಇಳಿಸಿದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಈ ಹಾರ್ಮೋನುಗಳ ಏರುಪೇರು ಒಂದು ವರ್ಷ ಕಳೆದರೂ ಮೊದಲಿನ ಸ್ಥಿತಿಗೆ ಬಂದಿರಲಿಲ್ಲ, ಹಸಿವೂ ಮೊದಲಿಗಿಂತ ಹೆಚ್ಚಾಗಿಯೇ ಇತ್ತು. ಇಳಿದ ಪ್ರತಿ ಕಿಲೋಗೆ ಶರೀರದ ದಿನದ ಖರ್ಚು 20ರಿಂದ 30 ಕಿಲೋಕ್ಯಾಲೊರಿಯಷ್ಟು ತಗ್ಗುತ್ತದೆ, ಹಸಿವಿನ ಒತ್ತಾಯ ಮಾತ್ರ ಸುಮಾರು 100 ಕಿಲೋಕ್ಯಾಲೊರಿಯಷ್ಟು ಏರುತ್ತದೆ ಎಂದು ಅಮೆರಿಕದ ಕೆವಿನ್ ಹಾಲ್ ಅವರ ತಂಡ 2016ರಲ್ಲಿ ಅಂದಾಜು ಮಾಡಿತು. 13 ಕಿಲೋಗೆ ಇದನ್ನು ಹಚ್ಚಿ ನೋಡಿ: ನಿಮ್ಮ ಶರೀರ ದಿನಕ್ಕೆ 260ರಿಂದ 390 ಕಿಲೋಕ್ಯಾಲೊರಿ ಕಡಿಮೆ ಖರ್ಚು ಮಾಡುತ್ತ, ಅದೇ ವೇಳೆಗೆ ಮೊದಲಿಗಿಂತ ಬಹಳ ಹೆಚ್ಚು ಬೇಡುತ್ತಿತ್ತು. ನಿಮ್ಮ ಹಠ ಆ ಬೇಡಿಕೆಯನ್ನು ಎಂಟು ತಿಂಗಳು ತಡೆದು ಹಿಡಿಯಿತು. ಹಠ ಸಡಿಲಾದ ದಿನ ತಡೆಯಲು ಮತ್ತೇನೂ ಇರಲಿಲ್ಲ.

ತೂಕ ಇಳಿಸಲು ಹಠ ಬೇಕು. ಆದರೆ ಇಳಿದ ತೂಕವನ್ನು ಹತ್ತು ವರ್ಷ ಹಿಡಿದಿಡುವ ಶಕ್ತಿ ಹಠಕ್ಕೆ ಇಲ್ಲ, ಅದು ಮನೆಯ ರೂಢಿಗೆ ಇದೆ. ನೀವು ಎಂಟು ತಿಂಗಳು ಪಾಲಿಸಿದ ನಿಯಮಗಳು ನಿಮ್ಮೊಬ್ಬರವಾಗಿದ್ದವು. ಐದು ಜನ ಉಣ್ಣುವ ಪಂಕ್ತಿಯಲ್ಲಿ ನೀವೊಬ್ಬರೇ ಬೇರೆ. ಅಂಥ ನಿಯಮವನ್ನು ಪ್ರತಿದಿನ, ಪ್ರತಿ ಊಟಕ್ಕೂ ಹೊಸದಾಗಿ ನಿರ್ಧರಿಸಬೇಕಾಗುತ್ತದೆ; ದಣಿದ ದಿನ ಆ ನಿರ್ಧಾರ ತಪ್ಪುತ್ತದೆ. ಇಡೀ ಮನೆ ಉಣ್ಣುವುದೇ ನಿಮಗೂ ಹೊಂದುವಂತೆ ಅಡುಗೆಮನೆಯಲ್ಲಿ ಸಣ್ಣ ಬದಲಾವಣೆ ಮಾಡಿಕೊಂಡರೆ, ಪ್ರತಿಸಲ ನಿರ್ಧರಿಸುವ ಕೆಲಸವೇ ಉಳಿಯುವುದಿಲ್ಲ. ದೀರ್ಘಕಾಲ ತೂಕ ಉಳಿಸಿಕೊಂಡವರನ್ನು ಇಪ್ಪತ್ತು ವರ್ಷಗಳಿಂದ ನೋಡುತ್ತ ನನಗೆ ದೃಢವಾಗಿರುವ ಸಂಗತಿ ಇದೊಂದೇ. ಮುಂದೆ ಹೇಳುವುದೆಲ್ಲ ಇದರ ವಿಸ್ತಾರ.

ಎಣ್ಣೆಯಿಂದ ಆರಂಭಿಸಿ. ನಮ್ಮ ಭಾಗದ ಅಡುಗೆಯಲ್ಲಿ ಎಣ್ಣೆಯನ್ನು ಯಾರೂ ಅಳೆಯುವುದಿಲ್ಲ. ಒಗ್ಗರಣೆಯ ಬುಟ್ಟಿ ಒಲೆಯ ಮೇಲಿಟ್ಟು ಎಣ್ಣೆಯ ಡಬ್ಬಿಯನ್ನು ನೇರವಾಗಿ ಬಗ್ಗಿಸುತ್ತೇವೆ. ಮುಳಗಾಯಿ ಎಣ್ಣೆಗಾಯಿಗೆ ಎಣ್ಣೆ ಮೇಲೆ ತೇಲದಿದ್ದರೆ ಪಲ್ಯವಾಯಿತೆಂದೇ ಅನ್ನಿಸುವುದಿಲ್ಲ. ಶೇಂಗಾ ಹಿಂಡಿಗೆ ತಾಟಿನಲ್ಲೇ ಗುಣಿ ಮಾಡಿ ಹಸಿ ಎಣ್ಣೆ ಹಾಕಿಕೊಳ್ಳುತ್ತೇವೆ. ಒಂದು ಗ್ರಾಂ ಎಣ್ಣೆಗೆ 9 ಕಿಲೋಕ್ಯಾಲೊರಿ, ಒಂದು ಚಹಾ ಚಮಚಕ್ಕೆ ಸುಮಾರು 40. ನಿಮ್ಮ ಮನೆಗೆ ತಿಂಗಳಿಗೆ ಎಷ್ಟು ಲೀಟರ್ ಎಣ್ಣೆ ಬರುತ್ತದೆಂದು ಕಿರಾಣಿ ಚೀಟಿ ನೋಡಿ ಎಣಿಸಿ. ಆರು ಜನರಿಗೆ ಆರು ಲೀಟರ್ ಎಂದಾದರೆ ತಲೆಗೆ ದಿನಕ್ಕೆ 30 ಗ್ರಾಂ ಆಯಿತು. ನಾನು ಮನೆಗಳಿಗೆ ಹೇಳುವ ಲೆಕ್ಕ ತಿಂಗಳಿಗೆ ತಲೆಗೆ ಅರ್ಧ ಲೀಟರ್. ಆಗ ದಿನಕ್ಕೆ ಸುಮಾರು 15 ಗ್ರಾಂ ಆಗಿ, ಒಬ್ಬೊಬ್ಬರಿಗೂ ದಿನಕ್ಕೆ 135 ಕಿಲೋಕ್ಯಾಲೊರಿ ತಾನಾಗಿಯೇ ಕಡಿಮೆಯಾಗುತ್ತದೆ, ಯಾರ ತಾಟಿನಲ್ಲೂ ಒಂದು ತುತ್ತು ಕಡಿಮೆಯಾಗದೆ. ತಿಂಗಳ ಒಂದನೇ ತಾರೀಖು ಮೂರು ಲೀಟರ್ ಬೇರೆ ಡಬ್ಬಿಗೆ ಹಾಕಿಡಿ, ಡಬ್ಬಿಯೊಳಗೆ ಒಂದು ಸಣ್ಣ ಚಮಚವನ್ನು ಬಿಡಿ, ಡಬ್ಬಿ ಬಗ್ಗಿಸುವುದನ್ನು ನಿಲ್ಲಿಸಿ. ಒಮ್ಮೆಲೇ ಅರ್ಧಕ್ಕೆ ಇಳಿಸಿದರೆ ನಾಲಿಗೆ ಒಪ್ಪುವುದಿಲ್ಲ, ಅತ್ತೆಯವರೂ ಒಪ್ಪುವುದಿಲ್ಲ. ಮೊದಲ ತಿಂಗಳು ಐದು, ಮುಂದಿನ ತಿಂಗಳು ನಾಲ್ಕು ಎಂದು ಇಳಿಯಿರಿ. ಒಗ್ಗರಣೆಯ ಘಮ ಎಣ್ಣೆಯ ಪ್ರಮಾಣದಿಂದ ಬರುವುದಕ್ಕಿಂತ ಅದು ಚೆನ್ನಾಗಿ ಕಾಯುವುದರಿಂದ ಬರುತ್ತದೆ. ಎರಡು ಚಮಚ ಎಣ್ಣೆ ಸರಿಯಾಗಿ ಕಾದು ಸಾಸಿವೆ ಚಿಟಪಟನೆ ಸಿಡಿದು, ಬೆಳ್ಳುಳ್ಳಿ ಕೆಂಪಾದರೆ ಅರ್ಧ ಸೌಟು ಎಣ್ಣೆಯ ಕೊರತೆ ಗೊತ್ತಾಗುವುದಿಲ್ಲ.

ಇನ್ನು ರೊಟ್ಟಿ. ನೀವು ಅದನ್ನು ಒಂದಕ್ಕೆ ಇಳಿಸಿದ್ದು ಸಹ ನನಗೆ ಸರಿ ಕಾಣಲಿಲ್ಲ. ಜೋಳದ ರೊಟ್ಟಿ ತೂಕದ ವೈರಿಯಲ್ಲ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, ಅಷ್ಟೇ ಪ್ರೋಟೀನ್ ಇದೆ. ಬಡಿದು ಸುಡುವುದರಿಂದ ಎಣ್ಣೆ ಬೇಡ. ಅಗಿಯಲು ಹೊತ್ತು ಹಿಡಿಯುವುದರಿಂದ ಹೊಟ್ಟೆ ತುಂಬಿದ ಸುದ್ದಿ ಮೆದುಳಿಗೆ ಮುಟ್ಟಲು ಸಮಯ ಸಿಗುತ್ತದೆ. ಕಷ್ಟ ಬರುವುದು ರೊಟ್ಟಿ ಉಂಡ ಮೇಲೆ ‘ಒಂದೀಟು’ ಅನ್ನ–ಸಾರು, ಅದರ ಮೇಲೆ ಮೊಸರನ್ನ ಬಂದಾಗ. ಅನ್ನ ಬಿದ್ದ ಮೇಲೆಯೇ ಊಟ ಮುಗಿದ ಸಮಾಧಾನ ಎಂಬ ರೂಢಿ ನಮ್ಮಲ್ಲಿ ಗಟ್ಟಿಯಾಗಿದೆ. ಅನ್ನವನ್ನು ಶಾಶ್ವತವಾಗಿ ಬಿಡುವ ಪ್ರತಿಜ್ಞೆ ನಿಲ್ಲುವುದಿಲ್ಲ, ಅದನ್ನು ನೀವೇ ಕಂಡಿದ್ದೀರಿ. ಒಂದು ಊಟದಲ್ಲಿ ಒಂದೇ ಧಾನ್ಯ ಎಂಬ ಪದ್ಧತಿ ನಿಲ್ಲುತ್ತದೆ. ಮಧ್ಯಾಹ್ನದ ಡಬ್ಬಿಗೆ ಎರಡು ರೊಟ್ಟಿ, ರಾತ್ರಿ ಬೇಕಾದರೆ ಒಂದು ಬಟ್ಟಲು ಅನ್ನ, ಅಥವಾ ಅದರ ತಿರುವುಮುರುವು. ಒಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ನಿಮ್ಮ ಮನೆಯ ಒಂದು ರೊಟ್ಟಿಯ ಹಿಟ್ಟನ್ನು ತೂಗಿ ನೋಡಿ: ಕೆಲವು ಮನೆಗಳಲ್ಲಿ ಅದು 40 ಗ್ರಾಂ, ಕೆಲವು ಮನೆಗಳಲ್ಲಿ 80. ಎರಡು ರೊಟ್ಟಿ ಎಂಬ ಮಾತು ಒಂದು ಮನೆಯಲ್ಲಿ ಇನ್ನೊಂದು ಮನೆಯ ನಾಲ್ಕಕ್ಕೆ ಸಮವಾಗಬಹುದು.

ರೊಟ್ಟಿಯ ಪಕ್ಕದಲ್ಲಿ ಏನಿದೆ ಎಂಬುದು ರೊಟ್ಟಿಗಿಂತ ಮುಖ್ಯ. ಹಕ್ಕರಕಿ, ಮೆಂತ್ಯಪಲ್ಯ, ಸೌತಿಕಾಯಿ, ಗಜ್ಜರಿ, ಹಸಿ ಉಳ್ಳಾಗಡ್ಡಿ ಇವನ್ನು ತಾಟಿನ ಅಂಚಿಗೆ ಹಸಿಯಾಗಿ ಇಟ್ಟುಕೊಂಡು ಉಣ್ಣುವ ರೂಢಿ ನಮ್ಮ ಹಿರಿಯರದೇ. ಬೇರೆ ಊರುಗಳ ಜನ ದುಡ್ಡು ಕೊಟ್ಟು ಕಲಿಯುತ್ತಿರುವುದು ನಮ್ಮ ಹೊಲದ ಬುತ್ತಿಯಲ್ಲಿ ಮೊದಲಿನಿಂದಲೂ ಇತ್ತು. ಅದನ್ನು ಆರೂ ಜನರ ತಾಟಿಗೆ ಮರಳಿ ತನ್ನಿ. ಮಡಿಕೆಕಾಳು, ಹೆಸರುಕಾಳು, ಅಲಸಂದಿ, ಕಡಲೆಕಾಳು ಇವುಗಳಲ್ಲಿ ಒಂದಾದರೂ ದಿನಕ್ಕೆ ಒಂದು ಹೊತ್ತು ದೊಡ್ಡ ಬಟ್ಟಲು ತುಂಬ ಇರಲಿ, ಇನ್ನೊಂದು ಹೊತ್ತಿಗೆ ಝುಣಕವೋ ಬೇಳೆ ಹಾಕಿದ ಪುಂಡಿಪಲ್ಯವೋ ಆಗಲಿ, ಜೊತೆಗೆ ಮೊಸರು. ಮನೆಯಲ್ಲಿ ನಡೆಯುವುದಾದರೆ ಮೊಟ್ಟೆ. ಹಸಿವನ್ನು ಹೆಚ್ಚು ಹೊತ್ತು ಕಟ್ಟಿಹಾಕುವುದು ಪ್ರೋಟೀನ್. ನೀವು ಹಿಂದೆ ಉಂಡ ಒಂದು ರೊಟ್ಟಿ ಮತ್ತು ಮಜ್ಜಿಗೆಯಲ್ಲಿ ಅದು ತೀರಾ ಕಡಿಮೆಯಿತ್ತು. ಹಾಗೆ ಇಳಿಸಿದಾಗ ಕೊಬ್ಬಿನೊಂದಿಗೆ ಸ್ನಾಯುವೂ ಕರಗಿರುತ್ತದೆ. ಶೇಂಗಾ ಹಿಂಡಿ ಒಳ್ಳೆಯದೇ, ಆದರೆ ಅದನ್ನು ಪಲ್ಯದ ಬದಲಾಗಿ ಉಣ್ಣಬಾರದು. ಒಂದು ದೊಡ್ಡ ಚಮಚ ಸಾಕು, ಹಸಿ ಎಣ್ಣೆಯ ಬದಲು ಮೊಸರಿನಲ್ಲಿ ಕಲಸಿಕೊಳ್ಳಿ.

ನಿಮ್ಮ ಪತ್ರದಲ್ಲಿ ಇಲ್ಲದ, ಆದರೆ ನನಗೆ ಕಾಣುತ್ತಿರುವ ಒಂದು ಹೊತ್ತಿದೆ. ಸಂಜೆ ಕಚೇರಿ ಬಿಟ್ಟು ಹುಬ್ಬಳ್ಳಿ ನಿಲ್ದಾಣಕ್ಕೆ ಬರುವಾಗ ಮಧ್ಯಾಹ್ನದ ಒಂದು ರೊಟ್ಟಿ ಕರಗಿ ಐದು ತಾಸಾಗಿರುತ್ತದೆ. ರೈಲು ಅಣ್ಣಿಗೇರಿ ದಾಟುವಷ್ಟರಲ್ಲಿ ಬೋಗಿಯ ತುಂಬ ಮಂಡಕ್ಕಿಯ, ಮಿರ್ಚಿಯ ವಾಸನೆ. ಸಹಪ್ರಯಾಣಿಕರಲ್ಲಿ ಒಬ್ಬರು ಪೊಟ್ಟಣ ಬಿಚ್ಚಿ ‘ತಗೋರಿ’ ಎನ್ನುತ್ತಾರೆ. ದಿನನಿತ್ಯ ರೈಲಿನಲ್ಲಿ ಓಡಾಡುವ ಅನೇಕರ ತೂಕ ಮನೆಯ ಊಟದಿಂದ ಏರುವುದಿಲ್ಲ, ಈ ಒಂದು ತಾಸಿನಿಂದ ಏರುತ್ತದೆ. ಆ ಹೊತ್ತಿಗೆ ಹಸಿದಿರುವುದು ಸಹಜವಾದ್ದರಿಂದ ಉಪವಾಸ ಇರಲು ಹೇಳುವುದಿಲ್ಲ; ರೈಲು ಹತ್ತುವ ಮೊದಲೇ, ನಿಲ್ದಾಣದ ಬೆಂಚಿನ ಮೇಲೆ ಕುಳಿತು, ಚೀಲದಲ್ಲಿ ತಂದ ಒಂದು ಹಿಡಿ ಪುಟಾಣಿಯನ್ನೋ, ಕುದಿಸಿದ ಶೇಂಗಾವನ್ನೋ, ಕಾಲವಾದರೆ ಒಂದು ಪೇರಲ ಹಣ್ಣನ್ನೋ ತಿನ್ನಿ. ಹೊಟ್ಟೆಗೆ ಏನಾದರೂ ಬಿದ್ದ ಮೇಲೆ ವಾಸನೆಯ ಸೆಳೆತ ಅರ್ಧವಾಗುತ್ತದೆ. ವಾರದಲ್ಲಿ ಒಂದು ದಿನ, ಉದಾಹರಣೆಗೆ ಶನಿವಾರ, ಎಲ್ಲರ ಜೊತೆ ಗಿರಮಿಟ್ಟು–ಮಿರ್ಚಿ ತಿನ್ನುವುದನ್ನು ಇಟ್ಟುಕೊಳ್ಳಿ. ಆ ಗೆಳೆತನವೂ ಬದುಕಿಗೆ ಬೇಕಾದದ್ದು. ಅದನ್ನು ಕಳೆದುಕೊಂಡು ಗಳಿಸುವ ತೂಕದ ಇಳಿಕೆ ಬಹಳ ದಿನ ನಿಲ್ಲುವುದಿಲ್ಲ.

ಚಹದ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಿನಕ್ಕೆ ನಾಲ್ಕು ಸಲ, ಸಲಕ್ಕೆ ಎರಡು ಚಮಚ ಸಕ್ಕರೆ ಎಂದರೆ 160 ಕಿಲೋಕ್ಯಾಲೊರಿ. ಎರಡು ಸಲ, ಒಂದೊಂದು ಚಮಚ ಎಂದರೆ 40.

ನಡಿಗೆಯ ಪಾತ್ರ ಇಳಿಸುವಾಗ ಚಿಕ್ಕದು, ಉಳಿಸುವಾಗ ಬಹಳ ದೊಡ್ಡದು. ಇದು ಹಲವರಿಗೆ ತಿರುವುಮುರುವಾಗಿ ತಿಳಿದಿದೆ. ತೂಕ ಇಳಿಯುತ್ತಿರುವಾಗ ದಿನವೂ ನಡೆದು, ಗುರಿ ಮುಟ್ಟಿದ ಕೂಡಲೇ ಬಿಡುತ್ತಾರೆ. ಅಮೆರಿಕದಲ್ಲಿ 1994ರಲ್ಲಿ ಆರಂಭವಾದ ಒಂದು ನೋಂದಣಿಯಲ್ಲಿ, ಕನಿಷ್ಠ 13.6 ಕಿಲೋ ಇಳಿಸಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಉಳಿಸಿಕೊಂಡ ಹತ್ತು ಸಾವಿರಕ್ಕೂ ಹೆಚ್ಚು ಜನರಿದ್ದಾರೆ. ಅವರಲ್ಲಿ ಹತ್ತರಲ್ಲಿ ಒಂಬತ್ತು ಜನ ವ್ಯಾಯಾಮ ಮಾಡುವವರು, ಸರಾಸರಿ ದಿನಕ್ಕೆ ಸುಮಾರು ಒಂದು ತಾಸು. ನಾಲ್ಕರಲ್ಲಿ ಮೂವರು ವಾರಕ್ಕೊಮ್ಮೆಯಾದರೂ ತೂಕ ನೋಡಿಕೊಳ್ಳುವವರು. ತಾವಾಗಿ ಮುಂದೆ ಬಂದು ಹೆಸರು ಕೊಟ್ಟವರ ಪಟ್ಟಿ ಅದಾಗಿರುವುದರಿಂದ ಎಲ್ಲರಿಗೂ ಹಾಗೆಯೇ ಅನ್ವಯಿಸಲಾಗದು, ಆದರೂ ಈ ಎರಡು ಅಂಶಗಳು ನಾನು ಇಲ್ಲಿ ಕಾಣುವುದಕ್ಕೂ ಹೊಂದುತ್ತವೆ. ನಿಮ್ಮ ತೂಕದವರು ಒಂದು ತಾಸು ಬಿರುಸಾಗಿ ನಡೆದರೆ ಸುಮ್ಮನೆ ಕುಳಿತಿದ್ದಕ್ಕಿಂತ ಸುಮಾರು 200 ಕಿಲೋಕ್ಯಾಲೊರಿ ಹೆಚ್ಚು ಖರ್ಚಾಗುತ್ತದೆ. ಮೇಲೆ ಹೇಳಿದ, ಶರೀರ ಜಿಪುಣತನದಿಂದ ಉಳಿಸುವ 260–390ರ ಹೆಚ್ಚಿನ ಭಾಗವನ್ನು ಈ ನಡಿಗೆಯೇ ತುಂಬಿಕೊಡುತ್ತದೆ.

ಒಂದು ತಾಸು ಎಲ್ಲಿಂದ ತರಲಿ ಎಂದು ನೀವು ಕೇಳುವುದು ನ್ಯಾಯ. ಬೆಳಗ್ಗೆ ರೈಲು, ಸಂಜೆ ಒಲೆ. ಭೀಷ್ಮ ಕೆರೆಯ ಸುತ್ತ ಬಿಡುವಾಗಿ ಸುತ್ತುವ ಸೌಕರ್ಯ ಭಾನುವಾರಕ್ಕೆ ಮಾತ್ರ. ಆದ್ದರಿಂದ ಒಡೆದು ಹಾಕಿ. ಹುಬ್ಬಳ್ಳಿಯಲ್ಲಿ ನಿಲ್ದಾಣದಿಂದ ಕಚೇರಿಯವರೆಗೆ ಆಟೋದ ಬದಲು ನಡೆಯಿರಿ. ದೂರವಿದ್ದರೆ ಚಿಗರಿ ಬಸ್ಸಿನಿಂದ ಒಂದು ನಿಲ್ದಾಣ ಮೊದಲೇ ಇಳಿಯಿರಿ. ಸಂಜೆ ಗದಗದಲ್ಲಿ ಇಳಿದು ಬೆಟಗೇರಿಯ ಕಡೆಗೆ ಇಪ್ಪತ್ತು ನಿಮಿಷ ನಡೆದು, ಉಳಿದ ದಾರಿಗೆ ಬೇಕಾದರೆ ವಾಹನ ಹಿಡಿಯಿರಿ. ಹೀಗೆ ಮೂರು ಇಪ್ಪತ್ತು ನಿಮಿಷಗಳು ಸೇರಿದರೂ ಒಂದು ತಾಸೇ. ಇದರಲ್ಲಿ ಇನ್ನೊಂದು ಅನುಕೂಲವಿದೆ: ರೈಲು ಇಳಿಯುವುದು ಹೇಗೂ ನಡೆಯುವ ಕ್ರಿಯೆ, ಹೇಗೂ ನಡೆಯುವುದಕ್ಕೆ ಹೊಸದನ್ನು ಗಂಟು ಹಾಕಿದಾಗ ರೂಢಿ ಬೇಗ ಬೇರೂರುತ್ತದೆ. ಲಂಡನ್ನಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೊಸ ರೂಢಿ ತಾನಾಗಿ ನಡೆಯುವಂತಾಗಲು ಮಧ್ಯಮ ಲೆಕ್ಕದಲ್ಲಿ 66 ದಿನ ಹಿಡಿಯಿತು, ಆದರೆ ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನಗಳವರೆಗೆ ಬದಲಾಯಿತು. ನಡುವೆ ಒಂದು ದಿನ ತಪ್ಪಿದ್ದರಿಂದ ರೂಢಿ ಕೆಡಲಿಲ್ಲ ಎಂಬುದನ್ನೂ ಅದೇ ಅಧ್ಯಯನ ತೋರಿಸಿತು. ಇದರ ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಕೆಲಸ ಬೇಕು: ಕೈಯೂರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ಗೋಡೆಗೆ ಅಂಗೈ ಊರಿ ತಳ್ಳುವುದು, ಎರಡು ಕೈಯಲ್ಲಿ ನೀರು ತುಂಬಿದ ಬಾಟಲಿ ಹಿಡಿದು ಎತ್ತಿಳಿಸುವುದು. ಕಳೆದುಹೋದ ಸ್ನಾಯು ಮರಳುವುದು ಹೀಗೆಯೇ.

ತೂಕ ನೋಡಿಕೊಳ್ಳುವ ವಿಷಯದಲ್ಲಿ ಹಾವೇರಿ ಕಡೆಯ ಒಬ್ಬ ನಿವೃತ್ತ ಶಿಕ್ಷಕರ ರೀತಿಯನ್ನು ಹೇಳಬೇಕು. ಹನ್ನೊಂದು ಕಿಲೋ ಇಳಿಸಿ ಒಂಬತ್ತು ವರ್ಷದಿಂದ ಹಾಗೆಯೇ ಇದ್ದಾರೆ. ಒಮ್ಮೆ ಅವರು ತಮ್ಮ ಮನೆಯ ಗೋಡೆಯ ಕ್ಯಾಲೆಂಡರನ್ನೇ ಸುರುಳಿ ಸುತ್ತಿ ತಂದು ನನ್ನ ಮೇಜಿನ ಮೇಲೆ ಬಿಡಿಸಿದರು. ಪ್ರತಿ ಸೋಮವಾರದ ಚೌಕದ ಮೂಲೆಯಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿ, ಪೆನ್ಸಿಲಿನಲ್ಲಿ ಸಣ್ಣದಾಗಿ ಬರೆದ ಅಂಕಿ: 68.5, 68, 69, 68.5. ಶ್ರಾವಣದ ಪುಟದಲ್ಲಿ 70.5 ಇದ್ದು ಅದರ ಸುತ್ತ ಒಂದು ಸುತ್ತು ಎಳೆದಿತ್ತು. ಏನು ಮಾಡಿದಿರಿ ಎಂದು ಕೇಳಿದಾಗ, ‘ಎರಡು ಕಿಲೋ ಹೆಚ್ಚಾತಂದ್ರ ಚೂಡಾದ ಡಬ್ಬಿ ಮುಚ್ಚತೇನ್ರಿ, ಇಳಿದ ಮ್ಯಾಲ ತಗೀತೇನ್ರಿ’ ಎಂದರು. ನಾನು ಹತ್ತು ಪುಟಗಳಲ್ಲಿ ಹೇಳಬಹುದಾದದ್ದನ್ನು ಅವರು ಒಂದು ಮಾತಿನಲ್ಲಿ ಹೇಳಿದರು. ಎರಡು ಕಿಲೋ ಏರಿದಾಗ ಮಾಡಬೇಕಾದ ಕೆಲಸ ಸಣ್ಣದು. ಆರು ಕಿಲೋ ಏರಿದಾಗ ಅದು ಮತ್ತೊಂದು ಎಂಟು ತಿಂಗಳ ವ್ರತವಾಗುತ್ತದೆ. ನಿಮ್ಮ ವಿಷಯದಲ್ಲಿ 67 ಆದಾಗ ಯಾರೂ ನೋಡಲಿಲ್ಲ, ಕುಪ್ಪಸ ಬಿಗಿಯಾದಾಗಲೇ ಗೊತ್ತಾಯಿತು.

ಆದ್ದರಿಂದ ವಾರಕ್ಕೊಮ್ಮೆ, ಒಂದೇ ದಿನ, ಬೆಳಗ್ಗೆ ಶೌಚ ಮುಗಿಸಿ, ಚಹಾ ಕುಡಿಯುವ ಮೊದಲು, ಒಂದೇ ಬಗೆಯ ಬಟ್ಟೆಯಲ್ಲಿ ತೂಕ ನೋಡಿ ಬರೆಯಿರಿ. ಲಗ್ನದ ಊಟದ ಮರುದಿನ ಒಂದೂವರೆ ಕಿಲೋ ಹೆಚ್ಚು ತೋರಿಸಿದರೆ ಗಾಬರಿಯಾಗಬೇಡಿ. ಉಪ್ಪು ನೀರನ್ನು ಹಿಡಿದಿಡುತ್ತದೆ, ಶರೀರ ಕೂಡಿಡುವ ಪ್ರತಿ ಗ್ರಾಂ ಪಿಷ್ಟದೊಂದಿಗೂ ಸುಮಾರು ಮೂರು ಗ್ರಾಂ ನೀರು ಸೇರಿರುತ್ತದೆ, ಮುಟ್ಟಿನ ಮುಂಚಿನ ದಿನಗಳಲ್ಲೂ ಹಾಗೆಯೇ. ಎರಡು ವಾರ ಒಂದೇ ಸಮನೆ ಎರಡು ಕಿಲೋ ಹೆಚ್ಚು ನಿಂತರೆ ಮಾತ್ರ ಅದು ಕೊಬ್ಬು. ತಿಂಗಳಿಗೊಮ್ಮೆ ಟೇಪಿನಿಂದ ಸೊಂಟದ ಸುತ್ತಳತೆಯನ್ನೂ ನೋಡಿ. ಭಾರತೀಯ ಮಹಿಳೆಯರಿಗೆ 80 ಸೆಂಟಿಮೀಟರ್, ಪುರುಷರಿಗೆ 90 ಎಂಬುದು ಎಚ್ಚರಿಕೆಯ ಗೆರೆ. ಮುಟ್ಟು ನಿಲ್ಲುವ ವಯಸ್ಸು ಹತ್ತಿರವಾದಂತೆ ಕೊಬ್ಬು ಹೊಟ್ಟೆಯ ಕಡೆಗೆ ಸರಿಯುವುದರಿಂದ ನಿಮಗೆ ಈ ಅಳತೆ ತೂಕದಷ್ಟೇ ಮುಖ್ಯ. ಟೇಲರ್ ಬಳಿ ನಾಚುವ ಅಗತ್ಯವಿಲ್ಲ. ಬಿಗಿ ಮಾಡಿಸಿದ ಕುಪ್ಪಸಗಳಲ್ಲಿ ಒಂದನ್ನು ಮಾತ್ರ ಬಿಚ್ಚಿಸದೆ ಹಾಗೆಯೇ ಇಟ್ಟುಕೊಳ್ಳಿ; ತಿಂಗಳಿಗೊಮ್ಮೆ ತೊಟ್ಟು ನೋಡಲು ಅದಕ್ಕಿಂತ ಪ್ರಾಮಾಣಿಕವಾದ ಅಳತೆ ಸಿಗುವುದಿಲ್ಲ.

ಹಬ್ಬಗಳ ಬಗ್ಗೆ ನನ್ನ ಅಭಿಪ್ರಾಯ ಹಲವು ಆಹಾರ ಸಲಹೆಗಾರರಿಗಿಂತ ಬೇರೆ. ಪಂಚಮಿಯ ದಿನ ನೀವು ನಾಲ್ಕು ಉಂಡಿ ತಿಂದಿರಿ, ದಸರೆಯಲ್ಲಿ ತುಪ್ಪ ಹಾಕಿಕೊಂಡು ಎರಡು ಹೋಳಿಗೆ ಉಂಡಿರಿ ಎಂದರೆ ನನಗೆ ಚಿಂತೆಯಿಲ್ಲ. ವರ್ಷದಲ್ಲಿ ಅಂಥ ದಿನಗಳು ಎಷ್ಟು ತಾನೇ ಇದ್ದಾವು? ಕಷ್ಟ ಕೊಡುವುದು ಹಬ್ಬ ಮುಗಿದ ಮೇಲೆ ಉಳಿಯುವ ಡಬ್ಬಿ. ಪಂಚಮಿಗೆ ಕಟ್ಟಿದ ಶೇಂಗಾ ಉಂಡಿ, ತಂಬಿಟ್ಟು, ಎಳ್ಳುಂಡಿ ಗಣಪತಿ ಬರುವವರೆಗೂ ಊಟದ ಕೋಣೆಯ ಮಾಡದಲ್ಲಿ ಕೂತಿರುತ್ತವೆ, ಅಡ್ಡಾಡುವಾಗ ಒಂದೊಂದೇ ಬಾಯಿಗೆ ಹೋಗುತ್ತವೆ, ಯಾರೂ ಅದನ್ನು ಊಟವೆಂದು ಎಣಿಸುವುದಿಲ್ಲ. ಆದ್ದರಿಂದ ಉಂಡಿ ಕಟ್ಟುವಾಗಲೇ ಕಡಿಮೆ ಕಟ್ಟಿ, ಪಂಚಮಿಯ ಮರುದಿನವೇ ಕಚೇರಿಗೆ, ನೆರೆಮನೆಗೆ ಹಂಚಿ, ಉಳಿದ ಡಬ್ಬಿಯನ್ನು ಕೈಗೆಟುಕದ ಅಟ್ಟಕ್ಕೆ ಏರಿಸಿ. ಧಾರವಾಡ ಪೇಡೆಯ ಪೊಟ್ಟಣಕ್ಕೂ ಇದೇ ನಿಯಮ: ಬಂದ ದಿನವೇ ಬಿಚ್ಚಿ, ಮನೆಯವರೆಲ್ಲ ಒಂದೊಂದು ತಿಂದು ಮುಗಿಸಿ. ಶ್ರಾವಣದ ಒಪ್ಪೊತ್ತಿನಲ್ಲಿ ಸಾಬುದಾಣಿಯನ್ನು ಶೇಂಗಾಪುಡಿ, ಎಣ್ಣೆ ಹಾಕಿ ಉಂಡರೆ ಅದು ಸಾಧಾರಣ ಊಟಕ್ಕಿಂತ ಭಾರವಾಗುವುದನ್ನೂ ಗಮನಿಸಿ. ಹಬ್ಬದ ಮರುದಿನ ಪ್ರಾಯಶ್ಚಿತ್ತವೆಂದು ಉಪವಾಸ ಮಾಡಬೇಡಿ. ಮುಂದಿನ ಊಟವನ್ನು ಎಂದಿನಂತೆ ಉಂಡರೆ ಸಾಕು.

ಊಟಕ್ಕೆ ಕರೆದ ಮನೆಯಲ್ಲಿ ಉಪಚಾರ ಮಾಡುವುದು ನಮ್ಮ ಕಡೆಯ ಪ್ರೀತಿ, ಅದನ್ನು ನೋಯಿಸಲಾಗದು. ಮೊದಲ ಸುತ್ತಿನಲ್ಲಿ ಅರ್ಧ ನೀಡಿಸಿಕೊಂಡರೆ ಎರಡನೆಯ ಸುತ್ತಿಗೆ ‘ಹಾಕ್ರಿ’ ಎನ್ನಲು ಜಾಗ ಇರುತ್ತದೆ, ನೀಡಿದವರಿಗೂ ಸಂತೋಷ. ನಿಮ್ಮ ಅತ್ತೆಯವರನ್ನು ಈ ವಿಷಯದಲ್ಲಿ ಎದುರುಪಕ್ಷವೆಂದು ನೋಡಬೇಡಿ. ಎಣ್ಣೆ ಕಡಿಮೆ ಮಾಡುವುದು, ಸಂಜೆ ಬೇಗ ಉಣ್ಣುವುದು ಅವರ ವಯಸ್ಸಿಗೆ ನಿಮಗಿಂತ ಹೆಚ್ಚು ಉಪಕಾರಿ. ‘ನನ್ನ ತೂಕಕ್ಕಾಗಿ’ ಎನ್ನುವ ಬದಲು ‘ನಿಮ್ಮ ಬಿ.ಪಿ.ಗೂ ಚಲೋ, ಅತ್ತಿಯವರ’ ಎಂದು ಅವರನ್ನೇ ಮುಂದಿಟ್ಟುಕೊಂಡರೆ ಎಣ್ಣೆಯ ಡಬ್ಬಿಯನ್ನು ಅವರೇ ಕಾಯುತ್ತಾರೆ. ಇದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.

ನಿದ್ರೆಯನ್ನು ಮರೆಯಬೇಡಿ. ಆರೂವರೆ ತಾಸಿಗಿಂತ ಕಡಿಮೆ ಮಲಗುತ್ತಿದ್ದ, ತೂಕ ಹೆಚ್ಚಿದ್ದ ಜನರಿಗೆ ಒಂದು ತಾಸಿಗಿಂತ ತುಸು ಹೆಚ್ಚು ನಿದ್ರೆ ಸಿಗುವಂತೆ ಮಾಡಿದಾಗ, ಬೇರೇನೂ ಹೇಳದಿದ್ದರೂ ಅವರು ದಿನಕ್ಕೆ ಸುಮಾರು 270 ಕಿಲೋಕ್ಯಾಲೊರಿ ಕಡಿಮೆ ತಿಂದದ್ದು 2022ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಕಂಡಿತು. ಬೆಳಗ್ಗೆ ಐದಕ್ಕೆ ಏಳುವ ನೀವು ರಾತ್ರಿ ಹನ್ನೊಂದೂವರೆಯವರೆಗೆ ಧಾರಾವಾಹಿ ನೋಡುತ್ತಿದ್ದರೆ, ಅಥವಾ ಭಾಂಡೆ ತೊಳೆಯುವ ಕೆಲಸ ನಿಮ್ಮೊಬ್ಬರದೇ ಆಗಿದ್ದರೆ, ಅದನ್ನು ಮನೆಯವರೊಂದಿಗೆ ಮಾತಾಡಿ ಹಂಚಿಕೊಳ್ಳಬೇಕು. ಇದನ್ನೂ ನಾನು ಚಿಕಿತ್ಸೆಯ ಭಾಗವೆಂದೇ ಹೇಳುತ್ತಿದ್ದೇನೆ.

ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಹೊಸ ಔಷಧಿಗಳ ಸುದ್ದಿ ನಿಮಗೂ ಮುಟ್ಟಿರಬಹುದು. ಅವು ನಿಜವಾಗಿಯೂ ಕೆಲಸ ಮಾಡುತ್ತವೆ, ಕೆಲವರಿಗೆ ಅಗತ್ಯವೂ ಹೌದು. ಆದರೆ ಅವುಗಳಲ್ಲೊಂದಾದ ಸೆಮಾಗ್ಲುಟೈಡ್ ನಿಲ್ಲಿಸಿದ ಒಂದು ವರ್ಷದೊಳಗೆ, ಇಳಿದಿದ್ದರ ಸುಮಾರು ಮೂರನೇ ಎರಡು ಭಾಗ ಮರಳಿದ್ದನ್ನು ಅದರ ಪ್ರಯೋಗದಲ್ಲೇ ಕಾಣಲಾಯಿತು. ವೈದ್ಯರು ನೋಡಿ ಬರೆದುಕೊಡದ ಹೊರತು ಅವನ್ನು ಕೊಳ್ಳಬೇಡಿ. ನೀವು ಈ ವಾರ ಮಾಡಿಸಬೇಕಾದದ್ದು ಥೈರಾಯ್ಡ್, ಸಕ್ಕರೆ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ. ಸ್ಟೀರಾಯ್ಡ್ ಅಥವಾ ಮಾನಸಿಕ ಆರೋಗ್ಯದ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದರೆ ಅವೂ ತೂಕ ಏರಿಸಬಲ್ಲವು, ಆದರೆ ವೈದ್ಯರನ್ನು ಕೇಳದೆ ಅವನ್ನು ನಿಲ್ಲಿಸಬಾರದು. ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮನೆಯಲ್ಲಿದ್ದರೆ, ಎಲ್ಲರ ಊಟ ಬದಲಿಸುವ ಮೊದಲು ಅವರ ವೈದ್ಯರಿಗೂ ತಿಳಿಸಿ.

65ಕ್ಕೆ ಮರಳುವ ಆತುರ ಬೇಡ. ಮುಂದಿನ ಎಂಟು ವಾರಗಳ ಗುರಿ 71ರಲ್ಲೇ ನಿಲ್ಲುವುದು, ಅಷ್ಟೇ. ಈ ಎಂಟು ವಾರಗಳಲ್ಲಿ ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ: ಮೊದಲ ಎರಡು ವಾರ ಎಣ್ಣೆಯ ಡಬ್ಬಿ ಮತ್ತು ರೈಲಿನ ಪುಟಾಣಿ; ಅವು ನಿಂತ ಮೇಲೆ ನಿಲ್ದಾಣದ ನಡಿಗೆ; ನಂತರ ಕಾಳಿನ ಬಟ್ಟಲು, ಒಂದು ಊಟಕ್ಕೆ ಒಂದೇ ಧಾನ್ಯ. ಎಂಟು ಸೋಮವಾರಗಳ ಅಂಕಿಗಳನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟು, ತಿಂಗಳಿಗೆ ಮನೆಗೆ ಬಂದ ಎಣ್ಣೆಯ ಲೆಕ್ಕದೊಂದಿಗೆ ನನಗೆ ಬರೆದು ಕಳುಹಿಸಿ. ಅಂಕಿ 71ರ ಆಸುಪಾಸಿನಲ್ಲಿದ್ದರೆ ಮುಂದಿನ ಎರಡು ಕಿಲೋದ ದಾರಿಯನ್ನು ಆಗ ಹೇಳುತ್ತೇನೆ. 72 ದಾಟಿದ್ದರೆ ಸಂಜೆಯ ಆ ಒಂದು ತಾಸಿನಲ್ಲಿ ಏನಾಯಿತೆಂಬುದನ್ನು ಮುಚ್ಚಿಡದೆ ಬರೆಯಿರಿ, ಅಲ್ಲಿಂದಲೇ ಮತ್ತೆ ನೋಡೋಣ.